ಪಾದದ ಮೇಲಿನ ಕಲೆ

ಡಾಕ್ಟರಮ್ಮ ತಪಾಸಣೆ ಮಂಚದ ಮೇಲೆ ಕೂತಿದ್ದ ಹೆಂಗಸಿನ ಕಾಲಿನ ಎರಡನೇ ಬೆರಳಿನ ಬುಡವನ್ನು ಚಿವುಟಿ ಎತ್ತಿದರು. ಚರ್ಮ ಸಲೀಸಾಗಿ ಮೇಲೆದ್ದಿತು. "ಇದು ನೀರು ತುಂಬಿದ ಬಾವಲ್ಲ, ಲಿಪಿಡೀಮಾ. ಕೊಬ್ಬಿನ ಕಾಯಿಲೆ. ಉಪವಾಸ ಬಿದ್ದರೂ ಕರಗಲ್ಲ, ದಿನಾ ಬಿಗಿಯಾಗಿ ಬ್ಯಾಂಡೇಜು ಸುತ್ತಬೇಕು. ಸ್ವಲ್ಪ ತಾಗಿದರೂ ಕಾಲು ನೀಲಿಗಟ್ಟುತ್ತೆ."

"ನಾನು ಬಡ್ಕೊಳ್ತಿದ್ದುದೂ ಅದನ್ನೇ," ಎಂದ ಪಕ್ಕದಲ್ಲಿದ್ದ ಗಂಡ, ಖುಷಿಯಾಗಿ. "ಈ ಆನೆಕಾಲಿಗೆ ಗಾಳಿ ಸೋಕಿದ್ರೂ ಕಲೆ. ನೋಡಿದವರು ನನ್ನ ಮೇಲೆ ಗೂಬೆ ಕೂರಿಸ್ತಾರೆ."

ಡಾಕ್ಟರಮ್ಮನ ಕಣ್ಣು ಪಾದದ ಮೇಲೆ ಕಪ್ಪುಗಟ್ಟಿದ್ದ ಅರ್ಧಚಂದ್ರದ ಮೇಲಿತ್ತು. ಎದ್ದುಹೋಗಿ, ಅವನು ಬಾಗಿಲಲ್ಲಿ ಬಿಟ್ಟಿದ್ದ ಬೂಟು ತಂದು, ಅದರ ಹಿಮ್ಮಡಿಯನ್ನು ಕಲೆಯ ಮೇಲಿಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಈ ಕಾಯಿಲೆ ಕಣಕಾಲಿಗೇ ನಿಲ್ಲುತ್ತೆ. ಪಾದಕ್ಕೆ ಇಳಿಯಲ್ಲ."

ಕುರ್ಚಿ ಉರುಳಿತು. ಅವನು ಡಾಕ್ಟರಮ್ಮನ ಜಡೆಗೆ ಕೈಹಾಕಿ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೊಮ್ಮೆ ಎಳೆಯುವಷ್ಟರಲ್ಲಿ ಮಂಚದಿಂದ ಅದೇ ಕಾಲು ಬಂದು ಅವನ ಎದೆಗೆ ಒದೆಯಿತು. ಅವನು ಕಬ್ಬಿಣದ ಬೀರುವಿಗೆ ಬಡಿದು, ಬಾಯಿ ಒಡೆದು, ರಕ್ತ ಉಗುಳುತ್ತಾ ಕುಸಿದ.

ಒದ್ದ ನೋವಿಗೆ ಹೆಂಗಸು ತೊಡೆಯನ್ನು ಅವುಚಿ ಹಿಡಿದಳು. ಆಮೇಲೆ, ಹಣೆ ಒತ್ತಿಕೊಂಡು ನೆಲದಲ್ಲಿ ಕೂತಿದ್ದ ಡಾಕ್ಟರಮ್ಮನತ್ತ ಪಾದ ಚಾಚಿದಳು.

"ಬ್ಯಾಂಡೇಜು ಆಮೇಲೆ ಸುತ್ತಿ ಮೇಡಂ. ಮೊದಲು ಇದನ್ನ ಬರ್ಕೊಳ್ಳಿ."