ಮುಖ್ಯ ಸಂಪಾದಕರ ಮನೆ

ಸಂಘಮಿತ್ರಾ ಕೈ ಎತ್ತುವ ಮೊದಲೇ ಒಳಗಿನಿಂದ ಚಿಲಕ ಸರಿಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಸಂದಿಯಿಂದ ಯಾರೋ ನೋಡುತ್ತಿದ್ದರು.

ಪಕ್ಕದ ಮನೆಯ ಮಾಶಾಬಿ ಫರಸಿಕಲ್ಲಿನ ಕಟ್ಟೆಯ ಮೇಲೆ ಭಾಂಡೆ-ಪಾತ್ರೆ ತಿಕ್ಕುತ್ತಿದ್ದಳು. "ಯಾರ್ ಬೇಕ ಬೇಟಿ?"

"ಲಕ್ಷ್ಮಿಕಾಂತ ಸರ್ ಮನಿ ಇದೇ ಏನ್ರಿ?"

ಮಾಶಾಬಿಯ ಕೈ ನಿಂತಿತು. "ಇದೇ. ಅವರ್ನ ಕೇಳ್ಕೊಂತ ಈಗ ಭಾಳ ಮಂದಿ ಬರ್ತಾರ. ಮೊದಲ ಒಬ್ಬರೂ ಬರ್ತಿದ್ದಿಲ್ಲ." ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಆಕೆ ತಲೆ ತಗ್ಗಿಸಿ ಮತ್ತೆ ತಿಕ್ಕತೊಡಗಿದಳು.

ಶಹಾಬಾದಿನ ಖಣಿಗಳಲ್ಲಿ ಕಲ್ಲು ಒಡೆಯುತ್ತ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳ ಮೇಲೆ ಸಂಘಮಿತ್ರಾ ಪಿಎಚ್‌ಡಿ ಮಾಡುತ್ತಿದ್ದಳು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಕಲ್ಲಿನ ಧೂಳು ಕುಡಿದೇ ಹೋದರು. ಅವಳ ಅಜ್ಜಿ ನೀಲಾಬಾಯಿಯೂ ಹಾಗೇ ಹೋದಳು. ಆ ದನಿಗಳೆಲ್ಲ ಉಳಿದದ್ದು ಅವಳು ಬರೆದ ಈ ಒಂದು ಲೇಖನದಲ್ಲಿ. ಅದು ದುಡ್ಡಿಗಾಗಿ ಏನು ಬೇಕಾದರೂ ಅಚ್ಚು ಹಾಕುವ ಕಳ್ಳ ಪತ್ರಿಕೆಯಲ್ಲಿ ಬಂದರೆ ವಿಶ್ವವಿದ್ಯಾಲಯ ಒಪ್ಪುವುದಿಲ್ಲ. ಒಮ್ಮೆ ಅಚ್ಚಾದದ್ದನ್ನು ಬೇರೆ ಪತ್ರಿಕೆ ಮುಟ್ಟುವುದೂ ಇಲ್ಲ. ಆ ಹೆಂಗಸರನ್ನು ಇನ್ನೊಮ್ಮೆ ಹೂತಂತೆ.

ಹಿಂದಿನ ವಾರ ಒಂದು ಪತ್ರಿಕೆಯಿಂದ ಇ-ಮೇಲ್ ಬಂದಿತ್ತು. ಲೇಖನ ಕಳಿಸಿ, ಕೂಡಲೇ ಪ್ರಕಟಿಸುತ್ತೇವೆ ಎಂದಿತ್ತು. ಮುಖ್ಯ ಸಂಪಾದಕರು ಡಾ. ಲಕ್ಷ್ಮಿಕಾಂತ, ವಾಡಿ ಎಂದು ಮನೆಯ ವಿಳಾಸವೂ ಇತ್ತು. ಕಳಿಸುವ ಮುಂಚೆ ಸಂಪಾದಕರು ನಿಜವಾಗಿ ಇದ್ದಾರೋ ಇಲ್ಲವೋ ನೋಡಿಕೊಳ್ಳಿ ಎಂದು ಅವಳ ಗೈಡ್ ಫರಹತ ಮೇಡಂ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದರು. ಫೋನಿನಲ್ಲಿ ಯಾರು ಬೇಕಾದರೂ ಹೂಂ ಅನ್ನಬಹುದು. ಅದಕ್ಕೇ ರೈಲು ಹತ್ತಿ ಬಂದಿದ್ದಳು.

ಬಾಗಿಲಲ್ಲಿ ನಿಂತವರು ನರೆಗೂದಲಿನ, ತೆಳ್ಳನೆಯ ಮನುಷ್ಯ.

"ಲಕ್ಷ್ಮಿಕಾಂತ ಸರ್ ಅಲ್ರೀ?"

"ಒಳಗ ಬಾ ಅವ್ವ. ಕುಂದುರು."

ಹಗಲಿನಲ್ಲೂ ಕೋಣೆ ಕತ್ತಲೆಯಾಗಿತ್ತು. ಕಿಟಕಿಯ ಮೇಲೆ ಸಿಮೆಂಟ್ ಧೂಳು ಬೂದಿಯಂತೆ ಕುಳಿತಿತ್ತು. ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಒಂದು ಚೌಕ. ನೆಲದ ಅಂಚಿನಲ್ಲಿ ಒಣಗಿದ ಚೆಂಡುಹೂವಿನ ಎಸಳುಗಳು. ಪುಸ್ತಕಗಳನ್ನೆಲ್ಲ ಹಗ್ಗದಿಂದ ಬಿಗಿದು ಮೂಲೆಗೆ ಒಟ್ಟಿದ್ದರು, ರದ್ದಿಯವನಿಗೆ ಕಾಯುವಂತೆ. ಇಬ್ಬರೇ ಇದ್ದರೂ ಮೂರನೆಯವರು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು ಅವಳಿಗೆ.

ಇ-ಮೇಲ್ ತೋರಿಸಿದಳು. ಅವರು ಹಣೆ ಬಡಿದುಕೊಂಡರು.

"ಹೆಸರ ಹಾಕೊಂಡಾರ ನೋಡು! ಕೇಳಿಲ್ಲ, ಬಿಟ್ಟಿಲ್ಲ. ಕಳಸಬ್ಯಾಡ ತಂಗಿ. ನಿನ್ನ ಕಷ್ಟ ಎಲ್ಲಾ ನೀರಾಗ ಹೋಗ್ತದ."

ಅವಳ ಎದೆ ಹಗುರಾಯಿತು. ಚಹಾ ಕಾಯಿಸಲು ಹೋದ ಅವರು ಸಕ್ಕರೆಗಾಗಿ ಡಬ್ಬಿಯ ಮೇಲೆ ಡಬ್ಬಿ ತೆಗೆದರು. ಕೊನೆಗೆ ಬೆಲ್ಲ ಹಾಕಿ ತಂದರು.

"ಇಂಥವರ್ನ ಗುರ್ತು ಹಿಡಿಯೋದು ಹೆಂಗ್ರಿ ಸರ್?"

"ಛಲೋ ಪತ್ರಿಕ್ಯಾದವರು ಓದ್ತಾರ, ತಪ್ಪು ತೆಗಿತಾರ, ತಿದ್ದು ಅಂತ ತಿರುಗಿ ಕಳಸ್ತಾರ. ತಿಂಗಳಗಟ್ಲೆ ಸತಾಯಸ್ತಾರ. ಕಳ್ಳರು ಓದೂದೇ ಇಲ್ಲ. ಬರೇ ಹೊಗಳ್ತಾರ. ಹಾಡು, ಸಿಮೆಂಟು, ಬಾಣಂತಿ ಆರೈಕಿ, ಎಲ್ಲಾ ಒಂದೇ ಸಂಚಿಕ್ಯಾಗ! ಅದೇನ್ ಪತ್ರಿಕೆನಾ, ಸಂತಿ ಚೀಲಾನಾ?" ಅವಳು ನಕ್ಕಳು. ಅವರು ನಗಲಿಲ್ಲ. "ರೊಕ್ಕದ ಮಾತು ಮೊದಲ ತೆಗಿಯಂಗಿಲ್ಲ. ಒಪ್ಕೊಂಡೀವಿ ಅಂದ ಮ್ಯಾಲ ತೆಗಿತಾರ. ಇವತ್ತೇ ಕಟ್ಟು ಅಂತ ಅವಸರ ಮಾಡ್ತಾರ."

"ಇಷ್ಟೆಲ್ಲಾ ಹೆಂಗ ಗೊತ್ತಾತ್ರಿ ನಿಮಗ?"

"ಭಾಳ ಹತ್ರದಿಂದ ನೋಡೀನವ್ವ." ಕೈ ಚಾಚಿದರು. "ಎಲ್ಲಿ ನಿನ್ನ ಲೇಖನ? ಕಣ್ಣು ಸುಮಾರ ಅದಾವ. ನನ್ನ ಮೊಬೈಲಿಗೆ ಹಾಕು, ಅಕ್ಷರ ದೊಡ್ಡವು ಮಾಡ್ಕೊಂಡು ಓದ್ತೀನಿ."

ಹಾಕಿದಳು. ಅವರ ಬೆರಳು ಮೊದಲ ಪುಟದ ಮೇಲೆಯೇ ನಿಂತಿತ್ತು. "ಎಂಥಾ ಕೆಲಸ ಮಾಡೀ ಮಗಳೇ! ಒಂದಕ್ಷರ ತಿದ್ದೂದಿಲ್ಲ. 'ಶಿಲಾವಾಣಿ' ಅಂತ ಒಂದು ಪತ್ರಿಕೆ ಅದ. ಅಲ್ಲಿಗೆ ಕಳಸು. ಕಣ್ಣು ಮುಚ್ಚಿ ಕಳಸು."

ಹೊರಗೆ ಬಂದಾಗ ಮಾಶಾಬಿಯ ಬಾಗಿಲು ಮುಚ್ಚಿತ್ತು.

ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ಕುಳಿತು ಸಂಘಮಿತ್ರಾ ಶಿಲಾವಾಣಿಯ ವಿಳಾಸ ಹುಡುಕಿದಳು. ಲೇಖನ ಲಗತ್ತಿಸಿದಳು. ಕಳಿಸುವ ಮುಂಚೆ ಮೇಡಂಗೆ ಒಂದು ಮಾತು ಹೇಳೋಣ ಅನ್ನಿಸಿ ಫೋನ್ ಮಾಡಿದಳು.

"ಮೇಡಂ, ಪಾರಾದೆ ನೋಡ್ರಿ. ಲಕ್ಷ್ಮಿಕಾಂತ ಸರ್ ಸ್ವತಃ ಹೇಳಿದ್ರು, ಅದು ಕಳ್ಳ ಪತ್ರಿಕೆ ಅಂತ."

"ಯಾವ ಲಕ್ಷ್ಮಿಕಾಂತ?"

"ವಾಡಿಯವರ್ರಿ. ಈಗಷ್ಟೇ ಅವರ ಮನ್ಯಾಗ ಚಾ ಕುಡ್ದು ಬಂದೆ."

ಒಂದು ಗೂಡ್ಸ್ ರೈಲು ಪೂರ್ತಿ ಹಾದುಹೋಯಿತು.

"ಸಂಘಮಿತ್ರಾ, ನಾ ಅವರ ಕೈಯಾಗ ಕಲ್ತಾಕಿ. ಮೂರು ವರ್ಷದ ಹಿಂದ ಅವರ ಮಣ್ಣಿಗೆ ಬಂದಿದ್ದೆ. ಮಣ್ಣು ಹಾಕಿದ್ದು ಇದೇ ಕೈ."

ಬಾಯಲ್ಲಿದ್ದ ಬೆಲ್ಲದ ರುಚಿ ತಣ್ಣಗಾಯಿತು. ಮೊಳೆ, ಚೌಕ, ಚೆಂಡುಹೂವು: ಹಾರ ಹಾಕಿದ ಫೋಟೋ ತೆಗೆದ ಜಾಗ. ತಾನು ಯಾರ ಎದುರು ಕುಳಿತಿದ್ದೆ?

"ಆ ಮನಿ ಯಾರಿಗೋ ಬಾಡಿಗಿ ಕೊಟ್ಟಾರಂತ ಕೇಳಿದ್ದೆ," ಎಂದರು ಮೇಡಂ ಮೆಲ್ಲಗೆ.

ಕೈಯಲ್ಲಿ ಫೋನ್ ನಡುಗಿತು. ಶಿಲಾವಾಣಿಯಿಂದ ಇ-ಮೇಲ್. "ತಮ್ಮ ಅಮೂಲ್ಯ ಲೇಖನ ಸ್ವೀಕಾರವಾಗಿದೆ. ತಿದ್ದುಪಡಿ ಅಗತ್ಯವಿಲ್ಲ. ಇಂದು ಸಂಜೆಯೊಳಗೆ ಪ್ರಕಟಣೆಯ ಶುಲ್ಕ ಪಾವತಿಸಿರಿ. ಇತಿ, ಮುಖ್ಯ ಸಂಪಾದಕರು."

ಸಂಘಮಿತ್ರಾ ಶಿಲಾವಾಣಿಗೆ ಲೇಖನವನ್ನು ಇನ್ನೂ ಕಳಿಸಿರಲೇ ಇಲ್ಲ.