ಮದುಮಗನ ಬಣ್ಣದ ಬಾವುಟಗಳು

"ಪಾಪ ಅಂತ ಕರೆದು ಊಟಕ್ಕೆ ಕೂರಿಸಿದ್ರೆ ನಾಯಿಬುದ್ಧಿ ತೋರಿಸ್ದೆಯಲ್ಲೋ!"

ಮದುಮಗಳ ಅಪ್ಪ ಕ್ಲೈವ್ ಅರಚಿದ್ದು ಮೈಕಿನಲ್ಲಿ. ನೆಂಟರೆಲ್ಲ ತಿರುಗಿ ನೋಡಿದರು. ನೀರಿನಂಚಿನಲ್ಲಿ ಡೆಕ್ಲನ್, ಅಲಂಕಾರಕ್ಕೆ ನೆಟ್ಟಿದ್ದ ಬಾವುಟವೊಂದನ್ನು ಮರಳಿನಿಂದ ಕೀಳುತ್ತಿದ್ದ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಹೋದ ವರ್ಷದವರೆಗೆ ಬ್ರಿಯೋನಿಯ ಜೊತೆ ಓಡಾಡಿಕೊಂಡಿದ್ದವನು ಇವನೇ. ಈಗ ಅವಳು ಬೇರೆಯವನ ಕೈ ಹಿಡಿದಿದ್ದಾಳೆ. ತಮಗೇನೂ ಮನಸ್ಸಿನಲ್ಲಿಲ್ಲ ಎಂದು ಊರಿಗೆ ತೋರಿಸಲು ಕ್ಲೈವ್ ಇವನನ್ನೂ ಕರೆದಿದ್ದ. ದೊಡ್ಡ ಮನಸ್ಸು! ಇವತ್ತು ಬಾಲ ಬಿಚ್ಚದೆ ಕೂತರೆ ತನ್ನ ಮೀನುದೋಣಿಯಲ್ಲಿ ಕೆಲಸ ಕೊಡುವುದಾಗಿಯೂ ಹೇಳಿದ್ದ. ಡೆಕ್ಲನ್‌ಗೆ ಬೇರೆ ಕೆಲಸವಿರಲಿಲ್ಲ.

ಕ್ವೀನ್ಸ್‌ಲ್ಯಾಂಡಿನ ಆ ಖಾಲಿ ತೀರವನ್ನು ಆರಿಸಿದ್ದು ಫೋಟೋ ತೆಗೆಯುವವನು. ಎರಡೂ ಬದಿ ಅಲೆಗಳು ಬೆಳ್ಳಗೆ ಒಡೆದು ಗದ್ದಲ ಮಾಡುತ್ತಿದ್ದರೆ ನಡುವೆ ಮಾತ್ರ ಕಡುಹಸಿರು ನೀರು, ತೊಳೆದಿಟ್ಟ ರಸ್ತೆಯ ಹಾಗೆ ನುಣ್ಣಗೆ. ಸರಿಯಾಗಿ ಅದರ ಮುಂದೆಯೇ ಮದುಮಗನ ಫುಟ್‌ಬಾಲ್ ತಂಡದ ಬಣ್ಣದ ಎರಡು ಬಾವುಟ, ಕೆಂಪು-ಹಳದಿ. ಬ್ರಿಯೋನಿ ಎಸೆದ ಹೂಗೊಂಚಲು ಗೆಳತಿಯರ ಕೈ ತಪ್ಪಿ ನೀರಿಗೆ ಬಿದ್ದು, ದಡಕ್ಕೆ ಬಾರದೆ ನೆಟ್ಟಗೆ ನಡುಗಡಲಿನತ್ತ ತೇಲಿ ಹೊರಟಿತ್ತು. ಎಲ್ಲರೂ ಶುಭಶಕುನವೆಂದು ಚಪ್ಪಾಳೆ ತಟ್ಟಿದ್ದರು.

ಆಮೇಲೆ ಮೇಲಿನ ರಸ್ತೆಯಲ್ಲಿ ವ್ಯಾನೊಂದು ಬಂದು ನಿಂತಿತ್ತು. ಡೆಕ್ಲನ್ ಊಟ ಬಿಟ್ಟು ಎದ್ದಿದ್ದ.

"ಡೆಕ್, ಇವತ್ತೊಂದಿನ ಸುಮ್ನಿರೋಕೆ ಆಗಲ್ವಾ ನಿಂಗೆ?" ಬ್ರಿಯೋನಿ ಅಳತೊಡಗಿದಳು.

"ಆಗಲ್ಲ." ಎರಡನೆಯ ಬಾವುಟವನ್ನೂ ಕಿತ್ತ.

"ಹೊಟ್ಟೆ ಉರೀತಿದೆ ಕಣ್ರೋ, ಒಂದು ಬಿಯರ್ ಸುರೀರಿ!" ಮದುಮಗನ ಗೆಳೆಯನೊಬ್ಬ ಕೂಗಿದ. ನಗು.

"ದೋಣಿ ಹತ್ರ ಬಂದ್ರೆ ಕಾಲು ಮುರೀತೀನಿ," ಕ್ಲೈವ್ ಗುಡುಗಿದ. "ಕೆಲಸವೂ ಇಲ್ಲ, ಏನೂ ಇಲ್ಲ!"

ಡೆಕ್ಲನ್ ಬಾವುಟಗಳನ್ನು ಸುತ್ತಿ ಅವನ ಕಾಲ ಬಳಿ ಇಟ್ಟ.

ಅಷ್ಟರಲ್ಲಿ ವ್ಯಾನಿನಿಂದ ಇಳಿದ ಮಕ್ಕಳು ಟವೆಲ್ ಬೀಸುತ್ತ ಓಡಿ ಬಂದು, ಆ ನುಣ್ಣನೆಯ ನೀರಿನೆದುರು ಗಕ್ಕನೆ ನಿಂತರು. ಹಿಂದೆಯೇ ಏದುಸಿರು ಬಿಡುತ್ತ ತಾಯಿ.

"ಅಮ್ಮಾ, ರಸ್ತೆಯಿಂದ ಬಾವುಟ ಕಾಣಿಸ್ತಿತ್ತು! ಈಗಿಲ್ಲ!"

"ಬಾವುಟ ಇಲ್ಲ ಅಂದ್ರೆ ಲೈಫ್‌ಗಾರ್ಡೂ ಇಲ್ಲ. ಕೆಂಪು-ಹಳದಿ ಮಧ್ಯೆ ಮಾತ್ರ ಇಳೀಬೇಕು ಅಂತ ಶಾಲೇಲಿ ಹೇಳಿಕೊಟ್ಟಿಲ್ವಾ? ನೀರು ಎಳ್ಕೊಂಡು ಹೋದ್ರೆ ಯಾರ್ರೋ ಗತಿ? ಹತ್ರೀ ಗಾಡಿ."

ನೆಂಟರ ನಗು ನಿಂತಿತು. ಕ್ಲೈವ್ ಹೂಗೊಂಚಲನ್ನು ಎಳೆದೊಯ್ದ ಆ ನುಣ್ಣನೆಯ ನೀರನ್ನು ನೋಡಿದ, ಕಾಲ ಬಳಿಯ ಬಾವುಟಗಳನ್ನು ನೋಡಿದ.

"ಲೋ... ಮೊದ್ಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ?" ಮೈಕು ಇನ್ನೂ ಕೈಯಲ್ಲೇ ಇತ್ತು.

ಡೆಕ್ಲನ್ ತಿರುಗಿ ನೋಡದೆ ನಡೆದುಬಿಟ್ಟ.