ನಿಜ ಹೆಸರುಗಳ ಪುಸ್ತಕ

ಕಂದು ಕೋಟಿನ ಆ ಅಪರಿಚಿತ ಮೂರನೆಯ ಭಾನುವಾರವೂ ಬಂದು ಕೊನೆಯ ಬೆಂಚಿನಲ್ಲಿ ಕೂತ. ಆರಾಧನೆ ಮುಗಿದೊಡನೆ ಮತ್ತೆ ಅದನ್ನೇ ಕೇಳಿದ. ಹಳೆಯ ದೀಕ್ಷಾಸ್ನಾನದ ಪುಸ್ತಕ ಯಾರ ಬಳಿ ಇದೆ? ಯಾಕೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಪುಸ್ತಕ ಪಾದ್ರಿಯ ವಿಧವೆ ಸುಕ್‌ಚಿಂಗಳ ಪೆಟ್ಟಿಗೆಯಲ್ಲಿತ್ತು. ಅವಳು ಕೇಳಿಸದವಳಂತೆ ಚಹಾ ಬಟ್ಟಲುಗಳನ್ನು ಎತ್ತಿಡತೊಡಗಿದಳು.

ಮೂವತ್ತು ವರ್ಷಗಳ ಹಿಂದೆ, ಓಕ್ಲೆಂಡಿನ ತಮ್ಮ ಲಾಂಡ್ರಿಯ ಹಿಂಕೋಣೆಯಲ್ಲಿ, ಇಸ್ತ್ರಿ ಮೇಜನ್ನೇ ವೇದಿಕೆ ಮಾಡಿಕೊಂಡು ಅವಳ ಗಂಡ ಆರು ಜನರೊಡನೆ ಸಭೆ ಆರಂಭಿಸಿದ್ದರು. ಈಗ ಇಟ್ಟಿಗೆಯ ದೇವಾಲಯ, ಇನ್ನೂರು ಜನ. ಅವರಲ್ಲಿ ಎಷ್ಟೋ ಗಂಡಸರು ಇನ್ಯಾರದೋ ಮಗನೆಂದು ಸುಳ್ಳು ಕಾಗದ ಕೊಂಡು ಹಡಗಿಳಿದವರು. ಇಲ್ಲಿನ ಪ್ರಜೆಗಳ ಮಕ್ಕಳನ್ನು ಬಿಟ್ಟು ಬೇರೆ ಚೀನೀಯರನ್ನು ಆಗಿನ ಕಾನೂನು ದೇಶದೊಳಗೆ ಬಿಡುತ್ತಿರಲಿಲ್ಲ; ಬೇರೆ ದಾರಿ ಇರಲಿಲ್ಲ. ಸರ್ಕಾರಕ್ಕೆ ಹೇಳಿದ ಹೆಸರನ್ನೇ ಹೆಂಡತಿ ಮಕ್ಕಳಿಗೂ ಹೇಳಿದರು. ಪಾದ್ರಿ ಮಾತ್ರ ಒಪ್ಪಲಿಲ್ಲ. ದೇವರ ಮುಂದೆ ಸುಳ್ಳು ಹೆಸರಿನಲ್ಲಿ ನೀರಿಗಿಳಿಯಬಾರದು ಎಂದರು. ಒಬ್ಬೊಬ್ಬರ ನಿಜ ಹೆಸರನ್ನೂ ಕಾಗದದ ಹೆಸರಿನ ಪಕ್ಕದಲ್ಲಿ ತಾವೇ ಬರೆದಿಟ್ಟರು. ಅವರು ತೀರಿಕೊಂಡು ವರ್ಷವಾಗಿತ್ತು. ಓದು ಬಾರದ ಸುಕ್‌ಚಿಂಗ್ ಆ ಅಕ್ಷರಗಳ ಮೇಲೆ ಬೆರಳಾಡಿಸಿ ದಿನವೂ ಪ್ರಾರ್ಥಿಸುತ್ತಿದ್ದಳು.

ಈ ವಸಂತದಲ್ಲಿ ಅಧಿಕಾರಿಗಳು ಮನೆಮನೆ ಕೆದಕತೊಡಗಿದ್ದರು. ಪುಸ್ತಕ ಅವರ ಕೈಗೆ ಸಿಕ್ಕರೆ ಅರ್ಧ ಸಭೆ ಗಡೀಪಾರು.

ಸಭೆಯ ಹಿರಿಯ ಮೋಯ್ ಅವಳ ಪಕ್ಕಕ್ಕೆ ಬಂದು ನಿಂತ.

"ಪಾದ್ರಿಯಮ್ಮಾ, ಆ ಕೋಟಿನವ್ನು ಮುದುಕರನ್ನೆಲ್ಲ ಹಿಡ್ಕೊಂಡು ನಿಮ್ಮೂರು ಯಾವ್ದು, ಯಾರ ಜೊತೆ ಬಂದ್ರಿ ಅಂತ ಕೇಳ್ತಾನೆ. ಹಾಡುವಾಗ ಕಣ್ಣೀರು ಬೇರೆ. ಸರ್ಕಾರದೋರು ನಾಟಕಾನೂ ಕಲಿಸಿ ಕಳಿಸ್ತಾರೆ ನೋಡಿ."

ಅವಳು ತಿರುಗಿ ನೋಡಿದಳು. ಅಪರಿಚಿತನ ಬೂಟಿಗೆ ಕಲ್ಲಿನ ಬಿಳಿ ಪುಡಿ ಮೆತ್ತಿತ್ತು. ಎಲ್ಲೆಲ್ಲಿ ಹುಡುಕಿ ಬಂದನೋ ಎಂದುಕೊಂಡಳು.

ನೇರ ಲಾಂಡ್ರಿಗೆ ಹೋಗಿ, ಇಸ್ತ್ರಿಪೆಟ್ಟಿಗೆ ಕಾಯಿಸುವ ಒಲೆ ಹೊತ್ತಿಸಿದಳು. ಪುಸ್ತಕದ ಒಂದೊಂದು ಹಾಳೆಗೂ ಒಂದೊಂದು ಪ್ರಾರ್ಥನೆ ಹೇಳಿ ಬೆಂಕಿಗಿಟ್ಟಳು. ಗಂಡನ ಕೈಬರಹ ಮುರುಟಿ ಕಪ್ಪಾಯಿತು. ಅವರನ್ನು ಎರಡನೆಯ ಸಲ ಮಣ್ಣು ಮಾಡಿದಂತಾಯಿತು. ಕೊನೆಯ ಹಾಳೆ ಉರಿಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಕಂದು ಕೋಟು.

ಈಗ ಅವಳಿಗೆ ಹೆದರಿಕೆ ಇರಲಿಲ್ಲ.

"ತಡ ಮಾಡ್ದೆ ಕಣಪ್ಪ. ಪುಸ್ತಕ ಬೂದಿ ಆಯ್ತು. ಹೋಗಿ ನಿನ್ನ ಸಾಹೇಬರಿಗೆ ಹೇಳು."

ಅವನು ಒಲೆಯನ್ನೇ ನೋಡುತ್ತ ನಿಂತ. ಟೋಪಿ ತೆಗೆದು ಹೊಸ್ತಿಲ ಮೇಲೆ ಕುಸಿದು ಕೂತ.

"ನಂಗ್ಯಾವ ಸಾಹೇಬರಮ್ಮ? ಕಾರಣ ಬಾಯಿಬಿಡೋಕೆ ನಂಗೂ ನಿಮ್ಮಷ್ಟೇ ಹೆದರಿಕೆ ಇತ್ತು. 'ಗೋರಿ ಮೇಲೆ ನನ್ನ ನಿಜವಾದ ಹೆಸರು ಕೆತ್ತಿಸು, ಅದು ಪಾದ್ರಿಗಳ ಪುಸ್ತಕದಲ್ಲಿದೆ' ಅಂತ ಹೇಳಿ ಅಪ್ಪ ಕಣ್ಣು ಮುಚ್ಚಿದ್ರು. ಕಲ್ಲುಕುಟಿಗ ಮೂರು ವಾರದಿಂದ ಕಾಯ್ತಿದಾನೆ."